‘ಗ್ರೀನ್ ಟೀ’ ಅನ್ನೋದು ಹೆಸರೇ ಅಲ್ಲ

ಮೊನ್ನೆ ಆಫೀಸಿನ ಪ್ಯಾಂಟ್ರಿಯಲ್ಲಿ ಮಗ್ ಹಿಡ್ಕೊಂಡು ನಿಂತಿದ್ದೆ. ಪಕ್ಕದ ಟೀಮಿನ ಗೆಳೆಯ ನನ್ನ ಮಗ್ಗಿನೊಳಗಿನ ಹಾಲಿನ ಚಹಾ ನೋಡಿ, ಪಾಪ ಅನ್ನೋ ಥರ ಮುಖ ಮಾಡಿದ.

“ಗುರು, ಇನ್ನೂ ಇದನ್ನೇ ಕುಡೀತೀಯಾ? ಗ್ರೀನ್ ಟೀಗೆ ಬಾ. ಚೈನೀಸ್. ಸಾವಿರಾರು ವರ್ಷದ್ದು.”

“ಯಾವುದು?” ಅಂದೆ.

“ಯಾವುದು ಅಂದ್ರೆ? ಗ್ರೀನ್ ಟೀ.”

“ಅದೇ, ಯಾವ ಗ್ರೀನ್ ಟೀ?”

“ಅಯ್ಯೋ, ಎಲ್ಲಾ ಒಂದೇ ಅಲ್ವಾ?”

ಈ ಬರಹ ಆ ಕೊನೆಯ ಮಾತಿನ ವಿರುದ್ಧ. ಗೆಳೆಯನ ಮೇಲೆ ನನಗೆ ಸಿಟ್ಟಿಲ್ಲ, ಅವನು ಒಳ್ಳೆಯವನೇ. ಆದರೆ ‘ಎಲ್ಲಾ ಒಂದೇ’ ಅನ್ನೋ ಮಾತು ಕೇಳಿದಾಗ ನನಗೆ ನೆನಪಾಗೋದು ಬ್ಯಾಡಗಿ ಮಾರ್ಕೆಟ್ಟು, ಅಪ್ಪನ ಮುಖ.

ನಾನು ಎಂಜಿನಿಯರಿಂಗ್ ಓದ್ತಿದ್ದಾಗಿನ ಮಾತು. ನಮ್ಮೂರು ಬ್ಯಾಡಗಿ ಮತ್ತು ರಾಣೆಬೆನ್ನೂರಿನ ನಡುವಿನದು. ಆ ವರ್ಷ ಹೊಲದಲ್ಲಿ ಎರಡು ಥರದ ಮೆಣಸಿನಕಾಯಿ ಇತ್ತು. ಒಂದು ಕಡ್ಡಿ, ಇನ್ನೊಂದು ಯಾವುದೋ ಹೈಬ್ರಿಡ್ಡು. ನಮಗಿದ್ದದ್ದು ಒಂದೇ ಕಣ. ಒಣಗಿಸುವಾಗ ಮಳೆ ಮೋಡ ಕವಿಯಿತು, ಗಡಿಬಿಡಿಯಲ್ಲಿ ಎರಡನ್ನೂ ಒಟ್ಟಿಗೇ ಬಳಿದು ತಾಡಪಾಲಿನ ಕೆಳಗೆ ತಳ್ಳಿದೆವು. ಮಾರ್ಕೆಟ್ಟಿನಲ್ಲಿ ಖರೀದಿದಾರ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದ, ಅಂಗೈ ಮೇಲೆ ಹರಡಿದ. “ಮಿಕ್ಸ್ ಐತ್ರಿ ಯಜಮಾನ್ರ” ಅಂದ. ಅವನು ಮೋಸ ಮಾಡಲಿಲ್ಲ, ನಿಜವಾಗಿಯೂ ಮಿಕ್ಸ್ ಆಗಿತ್ತು. ಆದರೆ ಆ ಒಂದು ಶಬ್ದಕ್ಕೆ ಕ್ವಿಂಟಲ್ಲಿಗೆ ಸಾವಿರಗಟ್ಟಲೆ ರೂಪಾಯಿ ಹೋಯಿತು. ಕಾಯಿ ಅದೇ, ಖಾರ ಅದೇ, ನಮ್ಮ ಬೆವರೂ ಅದೇ. ಹೋದದ್ದು ಹೆಸರು ಮಾತ್ರ. ಹೆಸರಿನ ಜೊತೆಗೇ ರೇಟೂ ಹೋಯಿತು. ಉಳಿದ ಚೀಲಗಳನ್ನು ವಾಪಸ್ ತಂದು ಅವ್ವ ಮೂರು ರಾತ್ರಿ ಕೂತು ಆರಿಸಿದಳು. ಆ ಸೆಮಿಸ್ಟರ್ ಫೀಸು ಕಟ್ಟಿದ್ದು ಆರಿಸಿದ ಕಾಯಿಯಿಂದ.

ಬ್ಯಾಡಗಿ ಮೆಣಸಿನಕಾಯಿ ಅಂತ ನೀವು ಅನ್ನೋದರಲ್ಲೇ ಎರಡು ಮುಖ್ಯ ಜಾತಿ ಇವೆ. ಕಡ್ಡಿ ಉದ್ದ, ತೆಳು, ಮೈತುಂಬ ಸುಕ್ಕು, ಬೀಜ ಕಡಿಮೆ, ಖಾರವೂ ಕಡಿಮೆ. ಅದರ ಬಣ್ಣದ ಸತ್ವ ತೆಗೆದು ಆಹಾರದ ಬಣ್ಣದಿಂದ ಹಿಡಿದು ಲಿಪ್‌ಸ್ಟಿಕ್, ನೇಲ್ ಪಾಲಿಶ್‌ವರೆಗೆ ಬಳಸ್ತಾರೆ. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ, ಮಸಾಲೆಗೆ ಹೇಳಿ ಮಾಡಿಸಿದ್ದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ ಸಿಕ್ಕಿತು. ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನಲ್ಲಿ ಇದೆಲ್ಲಾ ಒಂದೇ ಪ್ಯಾಕೆಟ್: ‘ರೆಡ್ ಚಿಲ್ಲಿ ಪೌಡರ್’. ನಿಮ್ಮ ಗ್ರೀನ್ ಟೀ ಇದ್ದ ಹಾಗೇ.

ಈಗ ಚೀನಾಕ್ಕೆ ಹೋಗೋಣ.

ಮೊದಲ ವಿಷಯ. ಗ್ರೀನ್, ಬ್ಲ್ಯಾಕ್, ವೈಟ್ ಅಂತ ಬೇರೆ ಬೇರೆ ಗಿಡ ಇಲ್ಲ. ಎಲ್ಲಾ ಒಂದೇ ಗಿಡದ ಎಲೆ. ಸಸ್ಯಶಾಸ್ತ್ರದ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್. ವ್ಯತ್ಯಾಸ ಇರೋದು ಎಲೆ ಕಿತ್ತ ಮೇಲೆ ಮನುಷ್ಯನ ಕೈ ಏನು ಮಾಡುತ್ತೆ ಅನ್ನೋದರಲ್ಲಿ. ಚೀನಾದವರು ಇದನ್ನು ಆರು ಬಗೆ ಮಾಡಿದ್ದಾರೆ. ಆನ್‌ಹುಯಿ ಪ್ರಾಂತ್ಯದ ಕೃಷಿ ವಿದ್ವಾಂಸ ಚೆನ್ ಚುಅನ್ 1979ರಲ್ಲಿ ಈ ಆರರ ವರ್ಗೀಕರಣವನ್ನು ವ್ಯವಸ್ಥಿತವಾಗಿ ಮುಂದಿಟ್ಟರು. ಬಣ್ಣ ನೋಡಿ ಅಲ್ಲ, ಸಂಸ್ಕರಣೆ ನೋಡಿ.

ಹಸಿರು ಚಹಾ: ಕಿತ್ತ ಎಲೆಯನ್ನು ಹೆಚ್ಚು ಹೊತ್ತು ಬಿಡದೆ ಬಿಸಿ ಬಾಣಲೆಯಲ್ಲಿ ಹುರಿದು ಅಥವಾ ಹಬೆ ಕೊಟ್ಟು, ಅದು ಕಂದುಗಟ್ಟದ ಹಾಗೆ ತಡೆಯೋದು. ಹಾಂಗ್‌ಝೌ ಊರಿನ ಲಾಂಗ್‌ಜಿಂಗ್‌ಗೆ ಎಲೆಯನ್ನು ಬಾಣಲೆಗೆ ಒತ್ತಿ ಒತ್ತಿ ಚಪ್ಪಟೆ ಮಾಡ್ತಾರೆ. ಸುಝೌ ಹತ್ತಿರದ ಬಿಲುವೊಚುನ್ ಸುರುಳಿ ಸುರುಳಿ. ಆನ್‌ಹುಯಿಯ ಹುವಾಂಗ್‌ಶಾನ್ ಮಾವೊಫೆಂಗ್ ಇನ್ನೊಂದು. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕಿತ್ತದ್ದಕ್ಕೆ ಒಂದು ಬೆಲೆ, ಆಮೇಲಿನದಕ್ಕೆ ಇನ್ನೊಂದು.

ಹಳದಿ ಚಹಾ: ಹಸಿರಿನ ಹಾಗೇ ಶುರು. ಆದರೆ ನಡುವೆ ಎಲೆ ಇನ್ನೂ ತೇವ, ಬೆಚ್ಚಗೆ ಇರುವಾಗಲೇ ಮುಚ್ಚಿ ಕಟ್ಟಿಡ್ತಾರೆ, ಅದು ನಿಧಾನಕ್ಕೆ ಹಳದಿಯಾಗುತ್ತೆ. ಹುನಾನ್‌ನ ಜುನ್‌ಶಾನ್ ಯಿನ್‌ಜೆನ್ ಇದರಲ್ಲಿ ಹೆಸರುವಾಸಿ. ಕೆಲಸ ಜಾಸ್ತಿ, ಸಿಗೋದು ಕಡಿಮೆ.

ಬಿಳಿ ಚಹಾ: ಹುರಿಯೋದಿಲ್ಲ, ಹೊಸೆಯೋದಿಲ್ಲ. ಬಾಡಿಸಿ ಒಣಗಿಸೋದು, ಅಷ್ಟೇ. ಫುಜಿಯಾನ್ ಪ್ರಾಂತ್ಯದ ಫುಡಿಂಗ್, ಝೆಂಗ್‌ಹೆ ಇದರ ಊರುಗಳು. ಬರೀ ಮೊಗ್ಗಿನದು ಬಾಯ್‌ಹಾವೊ ಯಿನ್‌ಜೆನ್, ಮೊಗ್ಗಿನ ಜೊತೆ ಎಲೆ ಸೇರಿದ್ದು ಬಾಯ್ ಮುದಾನ್.

ಊಲಾಂಗ್: ಎಲೆಯನ್ನು ಅಲ್ಲಾಡಿಸಿ ಅಂಚು ಜಜ್ಜಿ, ಅರ್ಧಂಬರ್ಧ ಕಂದಾಗಲು ಬಿಟ್ಟು, ಸರಿಯಾದ ಹೊತ್ತಿಗೆ ಬೆಂಕಿ ತೋರಿಸಿ ನಿಲ್ಲಿಸೋದು. ಆನ್‌ಶಿಯ ಟಿಯೆಗುವಾನ್‌ಯಿನ್, ವುಯಿ ಬೆಟ್ಟದ ದಾ ಹಾಂಗ್ ಪಾವೊ ಈ ಗುಂಪಿನವು.

ಕೆಂಪು ಚಹಾ: ಪೂರ್ತಿ ಕಂದಾದದ್ದು. ಇದನ್ನೇ ನಾವು ಇಂಗ್ಲಿಷರಿಂದ ಕಲಿತು ಬ್ಲ್ಯಾಕ್ ಟೀ ಅಂತೀವಿ. ಅವರು ಒಣ ಎಲೆಯ ಬಣ್ಣ ನೋಡಿ ಕಪ್ಪು ಅಂದರು, ಚೀನಾದವರು ಲೋಟದೊಳಗಿನ ಬಣ್ಣ ನೋಡಿ ಕೆಂಪು ಅಂದರು. ಕೀಮುನ್, ಪೈನ್ ಕಟ್ಟಿಗೆ ಹೊಗೆಯ ಲ್ಯಾಪ್‌ಸಾಂಗ್ ಸೂಚಾಂಗ್ ಇದರಲ್ಲಿ ಬರ್ತಾವೆ.

ಕಪ್ಪು ಚಹಾ: ಚೀನಾದವರು ಕಪ್ಪು ಅನ್ನೋದು ಇದಕ್ಕೆ. ಸೂಕ್ಷ್ಮಜೀವಿಗಳಿಂದ ಹುದುಗಿ, ವರ್ಷಗಟ್ಟಲೆ ಇಟ್ಟು ಕುಡಿಯುವಂಥದ್ದು. ಯುನ್ನಾನ್‌ನ ಪು-ಅರ್, ಗುವಾಂಗ್‌ಶಿಯ ಲಿಯು ಬಾವೊ. ಪು-ಅರ್ ಅನ್ನು ಬಿಲ್ಲೆ ಥರ ಒತ್ತಿರ್ತಾರೆ, ರೂಢಿಯ ಬಿಲ್ಲೆ 357 ಗ್ರಾಂ.

ಇನ್ನು ಜಾಸ್ಮಿನ್ ಟೀ ಏಳನೇ ಬಗೆ ಅಲ್ಲ, ಸಾಮಾನ್ಯವಾಗಿ ಮಲ್ಲಿಗೆ ವಾಸನೆ ಹತ್ತಿಸಿದ ಹಸಿರು ಚಹಾ. ಕ್ಯಾಮೊಮೈಲ್ ಟೀ ಚಹಾವೇ ಅಲ್ಲ, ಹೂವಿನ ಕಷಾಯ. ನಾನು ಬೆಂಗಳೂರಿಗೆ ಬಂದ ಹೊಸದರಲ್ಲಿ ಅದನ್ನು ಚೈನೀಸ್ ಟೀ ಅಂತ ತಿಳ್ಕೊಂಡು ಆರು ತಿಂಗಳು ಕುಡಿದಿದ್ದೀನಿ. ನಗಬೇಡಿ.

ಇಷ್ಟು ಓದಿದ ಮೇಲೆ ಹೇಳಿ, ‘ಗ್ರೀನ್ ಟೀ’ ಒಂದು ಹೆಸರಾ? ಕೋಡ್ ರಿವ್ಯೂಗೆ ಬಂದ ಫೈಲಿನಲ್ಲಿ ಯಾರಾದ್ರೂ ವೇರಿಯಬಲ್ಲಿಗೆ ‘ಡೇಟಾ’ ಅಂತ ಹೆಸರಿಟ್ಟಿದ್ರೆ ಬಿಡ್ತೀರಾ? “ಯಾವ ಡೇಟಾ, ಎಲ್ಲಿಂದ ಬಂತು, ಟೈಪ್ ಏನು” ಅಂತ ಜೂನಿಯರ್ ಹುಡುಗನನ್ನು ಅಳಿಸಿಬಿಡ್ತೀರಿ. ಅದೇ ನೀವು ಹತ್ತು ನಿಮಿಷ ಆದ ಮೇಲೆ ಪ್ಯಾಂಟ್ರಿಗೆ ಹೋಗಿ, ಊರಿಲ್ಲದ, ಋತುವಿಲ್ಲದ, ಎಲೆಯೋ ಪುಡಿಯೋ ಗೊತ್ತಾಗದ ಪೊಟ್ಟಣವನ್ನು ಕುದಿಯೋ ನೀರಿಗೆ ಅದ್ದಿ, ‘ಸಾವಿರಾರು ವರ್ಷದ ಪರಂಪರೆ’ ಕುಡೀತೀರಿ. ಆ ಡಬ್ಬಿಯನ್ನೊಮ್ಮೆ ತಿರುಗಿಸಿ ನೋಡಿ. ಚೀನಾದ್ದು ಅಂತ ಅಂದುಕೊಂಡಿದ್ದ ಎಲೆ ಅಸ್ಸಾಮಿನದೋ ನೀಲಗಿರಿಯದೋ ಆಗಿದ್ದರೆ ಆಶ್ಚರ್ಯಪಡಬೇಡಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ತೋಟದ ಹೆಸರೂ ಡಬ್ಬಿ ಮೇಲೆ ಇರೋದಿಲ್ಲ, ನೀವೂ ಕೇಳೋದಿಲ್ಲ.

ಕಹಿ ಇದ್ರೆ ಒಳ್ಳೇದು ಅನ್ನೋದು ಇನ್ನೊಂದು ನಂಬಿಕೆ. ಹಸಿರು ಚಹಾ ಅಷ್ಟು ಕಹಿಯಾಗೋದು ಬಹಳ ಸಲ ನೀವು ಕುದಿಯೋ ನೀರು ಸುರಿದದ್ದಕ್ಕೆ. 80 ಡಿಗ್ರಿ ಆಸುಪಾಸಿನ ನೀರು ಸಾಕು. ನೀವು ಮದ್ದು ಅಂತ ಕುಡಿಯೋದು ಸುಟ್ಟ ಎಲೆಯ ಕಹಿ.

ಹೊಟ್ಟೆ ಕರಗುತ್ತೆ ಅನ್ನೋದೂ ಅಷ್ಟೇ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆ 2012ರಲ್ಲಿ ಗ್ರೀನ್ ಟೀ ಮತ್ತು ತೂಕದ ಬಗ್ಗೆ ವಿಮರ್ಶೆ ಪ್ರಕಟಿಸಿತು. ತೂಕ ಇಳಿಯೋದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಅನ್ನೋದು ಅದರ ಸಾರ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ, ಗ್ರೀನ್ ಟೀ ಸಾರದ ಗುಳಿಗೆಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಒಳಗೆ ಹೋದರೆ ಯಕೃತ್ತಿಗೆ ತೊಂದರೆ ಆಗಬಹುದು ಅಂತ ಎಚ್ಚರಿಸಿತು. ಲೋಟದಲ್ಲಿ ಕುಡಿಯೋ ಚಹಾಕ್ಕೆ ಹೆದರಬೇಕಿಲ್ಲ. ಆದರೆ ‘ಡಿಟಾಕ್ಸ್’ ಅಂತ ಬರೆದ ಡಬ್ಬಿಗೆ ಒಂಬೈನೂರು ರೂಪಾಯಿ ಕೊಡುವಾಗ ನೀವು ಕೊಳ್ತಿರೋದು ಆ ಶಬ್ದವನ್ನ, ಎಲೆಯನ್ನಲ್ಲ.

ಇಷ್ಟು ಹೇಳಿದ ತಕ್ಷಣ ಇನ್ನೊಂದು ಗುಂಪು ಚಪ್ಪಾಳೆ ತಟ್ಟೋಕೆ ಶುರು ಮಾಡುತ್ತೆ. “ಸರಿಯಾಗಿ ಹೇಳಿದ್ರಿ! ನಮ್ಮ ಚಾ ನಮಗೆ. ಚೀನಾದ ಬಿಸಿನೀರು ಯಾರಿಗೆ ಬೇಕು?” ತಡೀರಿ, ಜಗಳ ನಿಮ್ಮ ಜೊತೆಗೂ ಇದೆ.

ನಮ್ಮ ಕಡೆ ಗಿರ್ಮಿಟ್ಟು, ಮಿರ್ಚಿ, ಮೇಲೊಂದು ಚಾ ಇಲ್ಲದ ಸಂಜೆ ಇಲ್ಲ. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದವನು ಮೊದಲು ಹುಡುಕೋದು ಅದನ್ನೇ. ನಾವು ‘ಚಾ’ ಅಂತೀವಿ, ಬೆಂಗಳೂರಿನವರು ‘ಟೀ’ ಅಂತಾರೆ. ಕಾಲೇಜಿನಲ್ಲಿ ‘ಚಾ’ ಅಂದಿದ್ದಕ್ಕೆ ನನ್ನನ್ನು ನೋಡಿ ನಕ್ಕವರಿದ್ದಾರೆ. ಎರಡೂ ಚೀನಾದ ಶಬ್ದಗಳೇ ಕಣ್ರೀ. ‘ಚಾ’ ಚೀನಾದ ಬಹುಪಾಲು ಜನ ಆಡೋ ಶಬ್ದ, ಪರ್ಷಿಯನ್, ಹಿಂದಿ, ಮರಾಠಿ ದಾರಿಯಲ್ಲಿ ನಮ್ಮ ಕಡೆ ಬಂತು. ‘ಟೀ’ ಫುಜಿಯಾನ್ ಕರಾವಳಿಯ ಆಡುನುಡಿಯ ‘ತೆ’, ಡಚ್ಚರ ಹಡಗು ಹತ್ತಿ ಇಂಗ್ಲಿಷಿಗೆ ಹೋಗಿ ಬೆಂಗಳೂರಿಗೆ ಬಂತು. ಅಸ್ಸಾಮಿನ ಗಿಡ ಅಸ್ಸಾಮಿನದೇ ಹೌದು. ಆದರೆ 1830ರ ದಶಕದಲ್ಲಿ ಅಲ್ಲಿ ಎಲೆ ಹದ ಮಾಡೋದನ್ನು ಕಲಿಸೋಕೆ ಚೀನಾದಿಂದ ಕೆಲಸಗಾರರನ್ನು ಕರೆಸಿದ್ದರು. ರಾಬರ್ಟ್ ಫಾರ್ಚೂನ್ ಅನ್ನೋನು 1848ರಿಂದ 1851ರ ನಡುವೆ ಈಸ್ಟ್ ಇಂಡಿಯಾ ಕಂಪನಿಗಾಗಿ ಚೀನಾದಿಂದ ಗಿಡ, ಬೀಜ, ಕುಶಲಕರ್ಮಿಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ. ನಮ್ಮಂಥ ಊರುಗಳಿಗೆ ಚಹಾ ಕುಡಿಯೋ ಚಟ ಹತ್ತಿಸಿದ್ದರಲ್ಲಿ 20ನೇ ಶತಮಾನದ ಮೊದಲ ಅರ್ಧದಲ್ಲಿ ಟೀ ಉದ್ಯಮ ನಡೆಸಿದ ಪ್ರಚಾರದ ಪಾಲು ದೊಡ್ಡದು. ಅಂಗಡಿಯ ಕಡಕ್ ಚಾಗೆ ಬೇಕಾದ ಕಾಳು ಕಾಳು ಪುಡಿ ಮಾಡೋ ಸಿಟಿಸಿ ಯಂತ್ರ ಬಂದದ್ದೇ 1930ರ ಹೊತ್ತಿಗೆ. ಅಜ್ಜನ ಕಾಲದ್ದು ಅನ್ನಿ ಬೇಕಾದ್ರೆ, ಅನಾದಿ ಕಾಲದ್ದು ಅನ್ನಬೇಡಿ.

ಮೆಣಸಿನಕಾಯಿಯೂ ಹೊರಗಿನದೇ. ಅಮೆರಿಕ ಖಂಡದ ಗಿಡ, 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಬಂತು. ಅದನ್ನು ನಮ್ಮ ಜನ ಕಡ್ಡಿ, ಡಬ್ಬಿ ಅಂತ ವಿಂಗಡಿಸಿ, ಹೆಸರಿಟ್ಟು, ನಮ್ಮದು ಮಾಡ್ಕೊಂಡರು. ನಮ್ಮದಾಗೋದು ಹಾಗೆ. ‘ಹೊರಗಿನದು ಬೇಡ’ ಅಂತ ಕೂಗಿ ಅಲ್ಲ.

ಮತ್ತೆ ಆ ಚಾ ಪುಣ್ಯವಂತ ಏನಲ್ಲ. ಕಪ್ಪಿಗೆ ಎರಡು ಚಮಚ ಸಕ್ಕರೆ, ದಿನಕ್ಕೆ ಆರು ಕಪ್ಪು. ಅಪ್ಪನ ಶುಗರ್ ರಿಪೋರ್ಟು ನನ್ನ ಫೋನಿನಲ್ಲೇ ಇದೆ.

ಈಗ ನನಗೆ ಬರೋ ಗಟ್ಟಿ ಪ್ರಶ್ನೆ: “ಹೆಸರು ಗೊತ್ತಿದ್ರೆ ಏನಾಗುತ್ತೆ? ಅದೂ ಶ್ರೀಮಂತರ ಶೋಕಿ ತಾನೆ? ನಾಳೆ ಲಾಂಗ್‌ಜಿಂಗ್, ಊಲಾಂಗ್ ಅಂತ ಹೇಳ್ಕೊಂಡು ಮೆರೆಯೋರೂ ನೀವೇ.” ಇದರಲ್ಲಿ ನಿಜ ಇದೆ. ಹೆಸರನ್ನೇ ಜೂಜಿಗಿಟ್ಟದ್ದಕ್ಕೆ ಪು-ಅರ್ ಸಾಕ್ಷಿ. ಅದರ ಬೆಲೆ ಸಟ್ಟಾ ವ್ಯಾಪಾರದಲ್ಲಿ ಏರಿ ಏರಿ 2007ರಲ್ಲಿ ಧಡಾರನೆ ಕುಸಿಯಿತು. ಲಾಂಗ್‌ಜಿಂಗ್ ಹೆಸರಿನಲ್ಲಿ ನಕಲಿ ಮಾರೋರು ಚೀನಾದಲ್ಲೂ ಇದ್ದಾರೆ. ಹೆಸರೊಂದೇ ರೈತನನ್ನು ಉಳಿಸಲ್ಲ.

ಆದರೆ ಹೆಸರೇ ಇಲ್ಲದಿದ್ರೆ ಉಳಿಸೋಕೆ ಏನೂ ಇರೋದಿಲ್ಲ. ಅದೇ ಪು-ಅರ್ ನೋಡಿ. ಅದು ಎಲೆಗೆ ಬಂದ ಹೆಸರಲ್ಲ, ಸುತ್ತಲ ಬೆಟ್ಟಗಳ ಚಹಾ ಬಂದು ಸೇರುತ್ತಿದ್ದ ಪೇಟೆಯ ಹೆಸರು. ನಮ್ಮ ಬ್ಯಾಡಗಿಯೂ ಹಾಗೇ. ಬಳ್ಳಾರಿ, ರಾಯಚೂರು, ಆಂಧ್ರದಿಂದೆಲ್ಲ ಕಾಯಿ ಇಲ್ಲಿಗೆ ಬರುತ್ತೆ. ಹಾವೇರಿಯದು ಇನ್ನೂ ಮಜಾ. 2023ರ ಜನವರಿಯಲ್ಲಿ ಅಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ‘ಏಲಕ್ಕಿ ಕಂಪಿನ ನಾಡು’ ಅಂತ ಎಲ್ಲೆಲ್ಲೂ ಫಲಕ. ಹಾವೇರಿ ಏಲಕ್ಕಿ ಬೆಳೆಯೋ ಸೀಮೆ ಅಲ್ಲ. ಮಲೆನಾಡಿನಿಂದ ಬಂದ ಏಲಕ್ಕಿಯನ್ನು ತೊಳೆದು, ಬಿಳುಪು ಮಾಡಿ, ಆರಿಸಿ, ಹಾರ ಕಟ್ಟಿದ ಕೈಗಳಿಂದ ಆ ಹೆಸರು ಬಂತು. ಚೀನಾದ ಆರು ಚಹಾಗಳ ಕಥೆಯೂ ಇದೇ: ಎಲೆ ಒಂದೇ, ಕೈ ಬೇರೆ. ವ್ಯತ್ಯಾಸ ಇಷ್ಟೇ. ಅವರು ಆ ಕೈಕೆಲಸಕ್ಕೆ ಹೆಸರಿಟ್ಟು, ಬರೆದಿಟ್ಟು, ಪಾಠ ಮಾಡಿ, 2022ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿಸಿದರು. ಸಿಮಾವೊ ಅನ್ನೋ ನಗರ 2007ರಲ್ಲಿ ತನ್ನ ಹೆಸರನ್ನೇ ಪು-ಅರ್ ಅಂತ ಬದಲಾಯಿಸಿಕೊಂಡಿತು. ನಾವು ಜಿಐ ಸರ್ಟಿಫಿಕೇಟು ಗೋಡೆಗೆ ಹಾಕಿ ‘ರೆಡ್ ಚಿಲ್ಲಿ ಪೌಡರ್’ ಕೊಳ್ತೀವಿ.

2024ರ ಮಾರ್ಚ್ 11ರಂದು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ದರ ಕುಸಿದದ್ದಕ್ಕೆ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆ ವಿಡಿಯೊ ನಿಮ್ಮ ವಾಟ್ಸಾಪಿಗೂ ಬಂದಿರುತ್ತೆ. ದರ ಬೀಳೋಕೆ ಕಾರಣ ಹತ್ತಾರು, ನಿಮ್ಮ ಅಡುಗೆಮನೆಯ ಒಂದು ಪ್ಯಾಕೆಟ್ಟಿನಿಂದ ಅದು ನಿಲ್ಲೋದಿಲ್ಲ. ಆದರೆ ಕೊನೆಗೆ ಕೊಳ್ಳೋ ಮನುಷ್ಯನೇ ಇದು ಕಡ್ಡಿಯೋ, ಡಬ್ಬಿಯೋ, ಹೈಬ್ರಿಡ್ಡೋ ಅಂತ ಕೇಳದಿದ್ರೆ, ನಡುವಿನವರು ಯಾರೂ ಆ ವ್ಯತ್ಯಾಸಕ್ಕೆ ದುಡ್ಡು ಕೊಡೋ ಕಾರಣ ಇಲ್ಲ. ‘ಎಲ್ಲಾ ಒಂದೇ’ ಆದರೆ ರೇಟೂ ಒಂದೇ, ಅದೂ ಕೆಳಗಿನ ರೇಟೇ.

ಕೊನೆಯದಾಗಿ ಅವ್ವನ ಮಾತು. ಹೋದ ವರ್ಷ ಸಹೋದ್ಯೋಗಿಯೊಬ್ಬರು ಕೆಲಸದ ಮೇಲೆ ಹಾಂಗ್‌ಝೌಗೆ ಹೋಗಿದ್ದವರು ನನಗೊಂದು ಸಣ್ಣ ಡಬ್ಬಿ ಲಾಂಗ್‌ಜಿಂಗ್ ತಂದುಕೊಟ್ಟರು. ಊರಿಗೆ ಒಯ್ದೆ. ನೀರು ಕುದಿಸಿ, ಸ್ವಲ್ಪ ಆರಲು ಬಿಟ್ಟು, ಸ್ಟೀಲ್ ಲೋಟದಲ್ಲೇ ಎಲೆ ಹಾಕಿ ಕೊಟ್ಟೆ. ಅಪ್ಪ ಅಭ್ಯಾಸಬಲದಿಂದ ಬಸಿಗೆ ಸುರಿದುಕೊಂಡು ಸೊರ್ ಅಂತ ಹೀರಿ, “ಸಕ್ರಿ ಮರತಿಯೇನೋ” ಅಂದ. ಅವ್ವ ಕುಡಿಯಲಿಲ್ಲ. ಮೊದಲು ಮೂಸಿ ನೋಡಿದಳು. ಆಮೇಲೆ ಲೋಟದಿಂದ ಒಂದು ಎಲೆ ತೆಗೆದು ಬೆರಳಲ್ಲಿ ಬಿಡಿಸಿದಳು.

“ಸೊಪ್ಪು ಹುರದಾರಲ್ಲೋ ತಮ್ಮಾ. ಹುರಗಡ್ಲಿ ವಾಸನಿ ಬರಾಕತ್ತೈತಿ. ಎಳೀ ಎಲಿ ಅಷ್ಟ ಆರಿಸ್ಯಾರ ನೋಡು, ಎಲ್ಲಾ ಒಂದ ಅಳತಿ.”

ನಮ್ಮವ್ವ ಓದಿದ್ದು ನಾಲ್ಕನೇ ಇಯತ್ತೆ. ಆದರೆ ರಾಣೆಬೆನ್ನೂರು ಕಡೆಯ ಬೀಜೋತ್ಪಾದನೆ ಹೊಲಗಳಲ್ಲಿ ವರ್ಷಗಟ್ಟಲೆ ಕ್ರಾಸಿಂಗ್ ಮಾಡಿದವಳು. ಗಂಡು ಸಾಲು, ಹೆಣ್ಣು ಸಾಲು ನೋಡಿ, ಮೊಗ್ಗು ಬಿಡಿಸಿ, ಕೇಸರ ಕಿತ್ತು, ಮರುದಿನ ಪರಾಗ ಮುಟ್ಟಿಸೋ ಕೆಲಸ. ಅಲ್ಲಿ ‘ಎಲ್ಲಾ ಒಂದೇ’ ಅಂದವರಿಗೆ ಕೂಲಿ ಇಲ್ಲ. ಹೀಗಾಗಿ ಹಾಂಗ್‌ಝೌದ ಬಾಣಲೆ ಮುಂದೆ ಕೂತವರು ಏನು ಮಾಡಿದ್ದಾರೆ ಅಂತ ಅವಳಿಗೆ ಎರಡು ನಿಮಿಷಕ್ಕೆ ಗೊತ್ತಾಯಿತು. ನಮ್ಮ ಪ್ಯಾಂಟ್ರಿಯವರಿಗೆ ಎರಡು ವರ್ಷ ಕುಡಿದರೂ ಗೊತ್ತಾಗಿಲ್ಲ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಏನಾದ್ರೂ ಕುಡೀರಿ. ಹಾಲು ಹಾಕಿ, ಬಿಡಿ, ಬಸಿಯಲ್ಲಿ ಹೀರಿ, ಗಾಜಿನ ಲೋಟದಲ್ಲಿ ಹಿಡ್ಕೊಂಡು ಫೋಟೊ ಹಾಕಿ. ಆದರೆ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ: ಯಾವ ಊರಿನದು, ಯಾವಾಗ ಕಿತ್ತದ್ದು, ಕಿತ್ತ ಮೇಲೆ ಏನು ಮಾಡಿದ್ದು. ಅಂಗಡಿಯವನು ಕಣ್ಣು ಕಣ್ಣು ಬಿಟ್ಟರೆ ಡಬ್ಬಿ ವಾಪಸ್ ಇಟ್ಟು ಬನ್ನಿ. ಚಹಾ ಕೌಂಟರಿನಲ್ಲಿ ಈ ಅಭ್ಯಾಸ ಆದ ಮೇಲೆ, ಪಕ್ಕದ ಸಾಲಿಗೆ ಹೋಗಿ ಮೆಣಸಿನಪುಡಿ ಪ್ಯಾಕೆಟ್ ಹಿಡಿದು ಅದೇ ಮೂರು ಪ್ರಶ್ನೆ ಕೇಳಿ.

ಮೊನ್ನೆಯ ಗೆಳೆಯನಿಗೆ ಉಳಿದ ಲಾಂಗ್‌ಜಿಂಗ್ ಅರ್ಧ ಕೊಟ್ಟಿದ್ದೀನಿ, ಜೊತೆಗೆ ಕಾಲು ಕೆಜಿ ಕಡ್ಡಿ ಮೆಣಸಿನಕಾಯಿ. ಎರಡರ ಮೇಲೂ ಮಾರ್ಕರಿನಲ್ಲಿ ಹೆಸರು ಬರೆದಿದ್ದೀನಿ. ಎರಡನ್ನೂ ಒಂದೇ ಡಬ್ಬಿಗೆ ಸುರೀಬೇಡ ಅಂತಲೂ ಹೇಳಿದ್ದೀನಿ, ಯಾವುದಕ್ಕೂ ಇರಲಿ ಅಂತ.